ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಪರೀಕ್ಷೆ

ಹೆಣ್ಣಿನ ಮುಟ್ಟು ಏರುಪೇರಾಗತೊಡಗಿ, ಪೂರ್ತಿ ನಿಂತು, ನಿಂತ ಮೇಲೆ ಒಂದು ವರ್ಷ ಕಳೆಯುವವರೆಗಿನ ಕಾಲದಲ್ಲಿ ಅಂಡಾಶಯ ಮತ್ತು ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಗಳು. ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಿಯಾಲ್, ಪ್ರೊಜೆಸ್ಟರಾನ್, ಎಎಂಎಚ್ ಇವುಗಳಲ್ಲಿ ಮುಖ್ಯವಾದವು. ಥೈರಾಯ್ಡ್ ತೊಂದರೆ ತಿಳಿಸುವ ಟಿಎಸ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆಗಳನ್ನೂ ಇವುಗಳ ಜೊತೆಯಲ್ಲೇ ಮಾಡಿಸುವುದುಂಟು. 45 ದಾಟಿದ ಹೆಣ್ಣಿಗೆ ಮುಟ್ಟು ನಿಲ್ಲುತ್ತಿದೆಯೇ ಎಂದು ತಿಳಿಯಲು ಸಾಮಾನ್ಯವಾಗಿ ಈ ಯಾವ ಪರೀಕ್ಷೆಯೂ ಬೇಕಿಲ್ಲ. 40ರೊಳಗೆ ಮುಟ್ಟು ನಿಂತವಳಿಗೆ ಇವುಗಳಲ್ಲಿ ಕೆಲವು ಬೇಕೇ ಬೇಕು. ನಮ್ಮಲ್ಲಿ ಕಾಣುವುದು ಬಹುಮಟ್ಟಿಗೆ ಇದರ ತಿರುವುಮುರುವು. ಪಟ್ಟಣದ 50ರ ಮಹಿಳೆಗೆ ಪ್ಯಾಕೇಜಿನ ಲೆಕ್ಕದಲ್ಲಿ ಎಲ್ಲವೂ ನಡೆಯುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಂಥ ಹೋಬಳಿಯಲ್ಲಿ 36ರ ಕೂಲಿ ಹೆಣ್ಣುಮಗಳ ಮುಟ್ಟು ನಿಂತರೆ, ರಕ್ತ ತೆಗೆದು ನೋಡೋಣ ಎನ್ನುವವರು ಅಪರೂಪ.

ದೇಹದೊಳಗೆ ಆಗುವುದೇನು

ಹೆಣ್ಣುಮಗು ಹುಟ್ಟುವಾಗ ಅದರ ಎರಡು ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಕೋಶಿಕೆಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು 3ರಿಂದ 4 ಲಕ್ಷ. ಬದುಕಿನುದ್ದಕ್ಕೂ ಬಲಿತು ಅಂಡ ಬಿಡುಗಡೆ ಮಾಡುವುವು ಸುಮಾರು 400 ಮಾತ್ರ. ಮಿಕ್ಕವು ತಾವಾಗಿಯೇ ನಶಿಸುತ್ತವೆ. ಸಾವಿರದ ಆಸುಪಾಸಿಗೆ ಇಳಿದಾಗ ಮುಟ್ಟು ನಿಲ್ಲುತ್ತದೆ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಸ್ರವಿಸಿ ಅಂಡಕೋಶಿಕೆಗಳನ್ನು ಬೆಳೆಸುತ್ತದೆ. ಬೆಳೆಯುವ ಕೋಶಿಕೆಗಳು ಈಸ್ಟ್ರಡಿಯಾಲ್ ಮತ್ತು ಇನ್‌ಹಿಬಿನ್ ಎಂಬ ಸ್ರಾವಗಳ ಮೂಲಕ ‘ಸಾಕು’ ಎಂದು ಪಿಟ್ಯುಟರಿಗೆ ತಿಳಿಸುತ್ತವೆ. ಕೋಶಿಕೆಗಳು ಕಡಿಮೆಯಾದಂತೆ ಈ ಉತ್ತರ ಕ್ಷೀಣಿಸುತ್ತದೆ. ಕರೆದರೂ ಓಗೊಡದವರನ್ನು ಇನ್ನೂ ಜೋರಾಗಿ ಕೂಗುವ ಹಾಗೆ ಪಿಟ್ಯುಟರಿ ಎಫ್‌ಎಸ್‌ಎಚ್ಚನ್ನು ಹೆಚ್ಚಿಸುತ್ತಾ ಹೋಗುತ್ತದೆ. ಪರೀಕ್ಷೆ ಅಳೆಯುವುದು ಈ ಏರಿಕೆಯನ್ನೇ.

ಈ ಏರಿಕೆ ನೇರವಾದ ಏಣಿಯಲ್ಲ. ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ಒಂದು ತಿಂಗಳು ಅಂಡಾಶಯ ಸುಮ್ಮನಿರುತ್ತದೆ, ಮುಂದಿನ ತಿಂಗಳು ಎರಡು ಮೂರು ಕೋಶಿಕೆಗಳು ಒಟ್ಟಿಗೆ ಎಚ್ಚೆತ್ತು ಹರೆಯದವರಿಗಿಂತಲೂ ಹೆಚ್ಚು ಈಸ್ಟ್ರಡಿಯಾಲ್ ಸುರಿಸುತ್ತವೆ. ಮುಟ್ಟು ನಿಲ್ಲುವ ಕಾಲವೆಂದರೆ ಹಾರ್ಮೋನು ಬರಬರುತ್ತಾ ಬತ್ತುವ ಕಾಲ ಎಂಬ ತಿಳಿವಳಿಕೆ ಅರ್ಧ ಸತ್ಯ. ಎದೆ ಬಿಗಿತ, ವಿಪರೀತ ರಕ್ತಸ್ರಾವ, ಸಿಡುಕು ಎಷ್ಟೋ ಸಲ ಈಸ್ಟ್ರೋಜೆನ್ ಹೆಚ್ಚಾದ ತಿಂಗಳ ತೊಂದರೆಗಳು. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ‘ಸ್ವಾನ್’ ಅಧ್ಯಯನದ ಪ್ರಕಾರ, ಕೊನೆಯ ಮುಟ್ಟಿಗೆ ಸುಮಾರು 2 ವರ್ಷ ಮುಂಚೆ ಎಫ್‌ಎಸ್‌ಎಚ್ ವೇಗವಾಗಿ ಏರತೊಡಗುತ್ತದೆ; ಈಸ್ಟ್ರಡಿಯಾಲ್ ಇಳಿಯತೊಡಗುವುದೂ ಆಗಲೇ. ಕೊನೆಯ ಮುಟ್ಟಾಗಿ 2 ವರ್ಷ ಕಳೆದ ಮೇಲೆ ಎರಡೂ ಒಂದು ಮಟ್ಟಕ್ಕೆ ನಿಲ್ಲುತ್ತವೆ. ನಡುವಿನ ನಾಲ್ಕು ವರ್ಷ ಯಾವ ದಿನದ ಅಂಕಿಯನ್ನೂ ಹಾಗೆಯೇ ನಂಬುವಂತಿಲ್ಲ.

ಲೆಕ್ಕವೇ ಪರೀಕ್ಷೆ

ಸತತ 12 ತಿಂಗಳು ಮುಟ್ಟಾಗದಿದ್ದರೆ, ಅದಕ್ಕೆ ಬಸಿರು, ಬಾಣಂತನ, ಔಷಧಿ, ಶಸ್ತ್ರಚಿಕಿತ್ಸೆಯಂಥ ಬೇರೆ ಕಾರಣ ಇಲ್ಲದಿದ್ದರೆ, ಮುಟ್ಟು ನಿಂತಿತು ಎಂದು ವೈದ್ಯರು ಹೇಳುತ್ತಾರೆ. ಹಿಂತಿರುಗಿ ನೋಡಿ ಮಾತ್ರ ಹೇಳಬಹುದಾದ ಮಾತು ಅದು. ಅದಕ್ಕೆ ಹಿಂದಿನ ಹಂತಗಳನ್ನು ಗುರುತಿಸಲು 2001ರಲ್ಲಿ ರೂಪಿಸಿ 2012ರಲ್ಲಿ ಪರಿಷ್ಕರಿಸಿದ ‘ಸ್ಟ್ರಾ’ ಎಂಬ ಅಂತರರಾಷ್ಟ್ರೀಯ ಪಟ್ಟಿಯಿದೆ. ಒಂದು ಮುಟ್ಟಿನ ಸುತ್ತಿಗೂ ಮುಂದಿನದಕ್ಕೂ 7 ದಿನ ಅಥವಾ ಹೆಚ್ಚಿನ ವ್ಯತ್ಯಾಸ ಪದೇ ಪದೇ ಕಂಡರೆ ಆರಂಭದ ಹಂತ. ಒಂದು ಮುಟ್ಟಿನಿಂದ ಇನ್ನೊಂದಕ್ಕೆ 60 ದಿನ ಅಥವಾ ಹೆಚ್ಚು ಅಂತರ ಬಿದ್ದರೆ ಕೊನೆಯ ಹಂತ. ಅಲ್ಲಿಂದ ಪೂರ್ತಿ ನಿಲ್ಲಲು ಸಾಮಾನ್ಯವಾಗಿ 1ರಿಂದ 3 ವರ್ಷ. ಈ ಪಟ್ಟಿಯಲ್ಲೂ ಮೊದಲ ಸ್ಥಾನ ಮುಟ್ಟಿನ ಲೆಕ್ಕಕ್ಕೆ. ರಕ್ತದ ಅಂಕಿಗಳು ಅದಕ್ಕೆ ಬೆಂಬಲ ಮಾತ್ರ.

ಹಳ್ಳಿಯ ಹೆಂಗಸರಿಗೆ ತಾರೀಕು ನೆನಪಿರುವುದಿಲ್ಲ, ಅದಕ್ಕೇ ರಕ್ತಪರೀಕ್ಷೆ ಎನ್ನುವವರಿದ್ದಾರೆ. ತಾರೀಕು ನೆನಪಿಲ್ಲದಿರಬಹುದು, ಹಬ್ಬ ನೆನಪಿರುತ್ತದೆ. ಮುಟ್ಟಾದರೆ ಅಡುಗೆಮನೆಗೆ, ದೇವರ ಕೋಣೆಗೆ ಹೋಗಬಾರದೆಂಬ ಕಟ್ಟುಪಾಡು ಇರುವ ಮನೆಗಳಲ್ಲಿ ಯಾವ ಹಬ್ಬಕ್ಕೆ ತಾನು ಹೊರಗಿದ್ದೆ ಎಂಬುದನ್ನು ಯಾವ ಹೆಣ್ಣೂ ಮರೆಯುವುದಿಲ್ಲ. ಆ ಕಟ್ಟುಪಾಡು ಹೋಗಬೇಕಾದ್ದೇ. ಆದರೆ ಅದು ಉಳಿಸಿಹೋದ ನೆನಪನ್ನು ಬಳಸಿಕೊಳ್ಳಬಹುದು. ‘ಕಡೇ ಸಲ ಯಾವಾಗ ಆಯ್ತಕ್ಕ?’ ಎಂದು ಆಶಾ ಕಾರ್ಯಕರ್ತೆ ಕೇಳಿದರೆ, ‘ಗೌರಿ ಹಬ್ಬಕ್ಕೆ ಒಂದ್ಸಲ ಆಗಿತ್ತು, ಆಮೇಲೆ ಭೂಮಿ ಹುಣ್ಣಿಮೆಗೆ. ಅಲ್ಲಿಂದ ಶಿವರಾತ್ರಿವರೆಗೂ ಇಲ್ಲಮ್ಮ’ ಎಂಬ ಉತ್ತರ ಬರುತ್ತದೆ. ಭಾದ್ರಪದದ ತದಿಗೆಯಿಂದ ಆಶ್ವೀಜದ ಹುಣ್ಣಿಮೆಗೆ ಸುಮಾರು 42 ದಿನ. ಅಲ್ಲಿಂದ ಮಾಘದ ಶಿವರಾತ್ರಿಗೆ ನಾಲ್ಕು ತಿಂಗಳಿಗೂ ಹೆಚ್ಚು. ಹೇಳಿದವಳು 47ರವಳಾದರೆ ಕೊನೆಯ ಹಂತ ಎಂದು ಬರೆದುಕೊಳ್ಳಲು ಇಷ್ಟು ಸಾಕು. ಯಾವ ಲ್ಯಾಬಿನ ರಿಪೋರ್ಟೂ ಇದಕ್ಕಿಂತ ಖಚಿತವಾಗಿ ಹೇಳಲಾರದು.

ಲಕ್ಷಣಗಳನ್ನು ಕೇಳಿ ತಿಳಿಯುವಾಗಲೂ ಊರಿನ ಕೆಲಸ ಗೊತ್ತಿರಬೇಕು. ಚನ್ನಗಿರಿ ಸೀಮೆ ಅಡಿಕೆಯ ಸೀಮೆ. ಕೊಯ್ಲಿನ ತಿಂಗಳುಗಳಲ್ಲಿ ಹೆಂಗಸರು ಹಸಿ ಅಡಿಕೆ ಸುಲಿಯುತ್ತಾ, ದೊಡ್ಡ ಹಂಡೆಗಳಲ್ಲಿ ಬೇಯಿಸುವ ಒಲೆಯ ಸುತ್ತಮುತ್ತ ಓಡಾಡುತ್ತಾ ದಿನ ಕಳೆಯುತ್ತಾರೆ. ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಕಾವು ಏರಿ ಬೆವರು ಕಿತ್ತುಕೊಂಡರೆ ಅದು ಒಲೆಯ ಝಳ ಎಂದೇ ಅಂದುಕೊಳ್ಳುತ್ತಾರೆ. ‘ಬಿಸಿ ಆಗುತ್ತಾ?’ ಎಂದರೆ ‘ಇಲ್ಲ’ ಎನ್ನುತ್ತಾರೆ. ‘ರಾತ್ರಿ ಮಲಗಿದಾಗ ಹೊದಿಕೆ ಕಿತ್ತೆಸೆಯೋ ಹಾಗೆ ಮೈ ಕಾಯುತ್ತಾ?’ ಎಂದು ಕೇಳಿದಾಗ ಹೌದೆನ್ನುತ್ತಾರೆ. ಭಾರತದ ಅಧ್ಯಯನಗಳಲ್ಲಿ ಮಧ್ಯವಯಸ್ಸಿನ ಹೆಂಗಸರು ಮೊದಲು ಹೇಳಿಕೊಳ್ಳುವುದು ಮೈಕೈ ನೋವು, ಕೀಲು ನೋವು, ಸುಸ್ತು. ಕಾವಿನ ಮಾತು ಆಮೇಲೆ.

ಎಫ್‌ಎಸ್‌ಎಚ್

ಇವುಗಳಲ್ಲಿ ಹೆಚ್ಚು ಮಾಡಿಸುವ, ಹೆಚ್ಚು ತಪ್ಪಾಗಿ ಓದುವ ಪರೀಕ್ಷೆ ಇದು. ಮುಟ್ಟು ಬರುತ್ತಿರುವವರಲ್ಲಿ 2ರಿಂದ 5ನೇ ದಿನದೊಳಗೆ ರಕ್ತ ಕೊಡಬೇಕು. ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ ಯಾವ ದಿನವಾದರೂ ಸರಿ. ಹರೆಯದ ಹೆಣ್ಣಿನಲ್ಲಿ ಆ ದಿನಗಳ ಅಂಕಿ ಲೀಟರಿಗೆ ಸುಮಾರು 3ರಿಂದ 10 ಅಂತರರಾಷ್ಟ್ರೀಯ ಘಟಕ. ಮುಟ್ಟು ನಿಲ್ಲುವ ಕೊನೆಯ ಹಂತದಲ್ಲಿ 25 ದಾಟುತ್ತದೆ. ಪೂರ್ತಿ ನಿಂತವರಲ್ಲಿ 40ರ ಮೇಲೆ, ಎಷ್ಟೋ ಸಲ 100ರ ಹತ್ತಿರವೂ ಇರುತ್ತದೆ. ರಿಪೋರ್ಟಿನಲ್ಲಿ ಈ ಅಂಕಿಯ ಪಕ್ಕ ನಾಲ್ಕು ಸಾಲು ‘ಸಹಜ ಮಿತಿ’ ಮುದ್ರಿಸಿರುತ್ತಾರೆ: ಮುಟ್ಟಿನ ಮೊದಲರ್ಧ, ನಡುವೆ, ಕೊನೆಯರ್ಧ, ಮುಟ್ಟು ನಿಂತ ಮೇಲೆ. ರಕ್ತ ಕೊಟ್ಟ ದಿನ ಮುಟ್ಟಿನ ಎಷ್ಟನೇ ದಿನ ಎಂಬುದನ್ನು ಚೀಟಿಯಲ್ಲಿ ಬರೆಸದಿದ್ದರೆ ಈ ನಾಲ್ಕರಲ್ಲಿ ಯಾವ ಸಾಲಿಗೆ ಹೋಲಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ.

47ರ ಒಬ್ಬ ಮಹಿಳೆಗೆ ಮೂರು ತಿಂಗಳು ಮುಟ್ಟಾಗಿಲ್ಲ ಎನ್ನೋಣ. ಪರೀಕ್ಷೆಯಲ್ಲಿ ಎಫ್‌ಎಸ್‌ಎಚ್ 48, ಈಸ್ಟ್ರಡಿಯಾಲ್ ಪ್ರತಿ ಮಿಲಿಲೀಟರಿಗೆ 20 ಪಿಕೋಗ್ರಾಂ ಬಂತು. ‘ಮುಟ್ಟು ನಿಂತಿತು’ ಎಂದು ಹೇಳಿ ಕಳಿಸಿದರು. ಆರು ವಾರ ಕಳೆದು ಮುಟ್ಟಾಯಿತು. ಆಗ ನೋಡಿದರೆ ಎಫ್‌ಎಸ್‌ಎಚ್ 9. ಎರಡು ಅಂಕಿಗಳೂ ಸರಿ, ಲ್ಯಾಬಿನವರ ತಪ್ಪಿಲ್ಲ. ತಪ್ಪು ಮೊದಲ ಅಂಕಿಯನ್ನು ತೀರ್ಪಾಗಿ ತೆಗೆದುಕೊಂಡದ್ದರಲ್ಲಿದೆ. ಆ ತೀರ್ಪನ್ನು ನಂಬಿ ಬಸಿರು ತಡೆಯುವ ಎಚ್ಚರ ಬಿಟ್ಟಿದ್ದರೆ ಗರ್ಭ ನಿಲ್ಲುವ ಸಾಧ್ಯತೆಯೂ ಇತ್ತು. ಮುಟ್ಟು ನಿಲ್ಲುವುದು 50 ದಾಟಿದ ಮೇಲಾದರೆ 1 ವರ್ಷ, 50ರೊಳಗಾದರೆ 2 ವರ್ಷ ಗರ್ಭನಿರೋಧಕ ಮುಂದುವರಿಸಬೇಕೆಂಬ ಸಲಹೆ ಇದಕ್ಕಾಗಿಯೇ ಇದೆ.

ಔಷಧಿಗಳು ಈ ಅಂಕಿಯನ್ನು ಮರೆಮಾಚುತ್ತವೆ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರಲ್ಲಿ ಎಫ್‌ಎಸ್‌ಎಚ್ ಕೃತಕವಾಗಿ ತಗ್ಗಿರುತ್ತದೆ. ಆಗ ಪರೀಕ್ಷೆ ಮಾಡಿಸುವುದು ವ್ಯರ್ಥ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರ’ ಹೆಸರಿನಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿ ಬಹಳ ಮಂದಿಗೆ ಮುಟ್ಟೇ ನಿಲ್ಲುತ್ತದೆ, ಬಿಟ್ಟ ಮೇಲೂ ತಿಂಗಳುಗಟ್ಟಲೆ ಬರದಿರಬಹುದು. 42ರ ಹೆಣ್ಣುಮಗಳಿಗೆ ಅದು ಚುಚ್ಚುಮದ್ದಿನಿಂದಲೋ ವಯಸ್ಸಿನಿಂದಲೋ ಎಂದು ಗೊಂದಲವಾಗುವುದು ಸಹಜ. ಚುಚ್ಚುಮದ್ದು ತೆಗೆದುಕೊಂಡದ್ದನ್ನು ಆಸ್ಪತ್ರೆಯಲ್ಲಿ ಮೊದಲು ಹೇಳಬೇಕು. ಸಂತಾನಹರಣದ ‘ಆಪರೇಷನ್’ ಆದವರ ವಿಷಯ ಬೇರೆ: ಅದರಲ್ಲಿ ಕಟ್ಟುವುದು ಅಂಡನಾಳವನ್ನು, ಅಂಡಾಶಯ ಎಂದಿನಂತೆ ಕೆಲಸ ಮಾಡುತ್ತದೆ. ಆಪರೇಷನ್ನಿನಿಂದ ಬೇಗ ಮುಟ್ಟು ನಿಂತಿತು ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಅದನ್ನೇ ಕಾರಣವೆಂದುಕೊಂಡು ಪರೀಕ್ಷೆ ಬಿಡಬಾರದು.

ಇನ್ನೊಂದು ತೊಡಕು ಕೂದಲಿನ ಮಾತ್ರೆ. ಕೂದಲು ಉದುರುತ್ತದೆಂದು ಈ ವಯಸ್ಸಿನಲ್ಲಿ ಬಹಳ ಮಂದಿ 5 ಅಥವಾ 10 ಮಿಲಿಗ್ರಾಂ ಬಯೋಟಿನ್ ನುಂಗುತ್ತಾರೆ. ಹಲವು ಲ್ಯಾಬ್ ಯಂತ್ರಗಳು ಹಾರ್ಮೋನ್ ಹಿಡಿಯಲು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸುವುದರಿಂದ ರಕ್ತದಲ್ಲಿ ಅದು ಹೆಚ್ಚಿದ್ದರೆ ಎಫ್‌ಎಸ್‌ಎಚ್, ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಈಸ್ಟ್ರಡಿಯಾಲ್ ಸುಳ್ಳಾಗಿ ಹೆಚ್ಚು ಬರಬಹುದು. ಮುಟ್ಟು ನಿಂತವಳ ರಿಪೋರ್ಟು ಹರೆಯದವಳದರಂತೆ ಕಾಣುತ್ತದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ರಕ್ತ ಕೊಡುವ ಕೆಲವು ದಿನ ಮುಂಚೆ, ವೈದ್ಯರನ್ನು ಕೇಳಿ, ಆ ಮಾತ್ರೆ ನಿಲ್ಲಿಸಿದರೆ ಸಾಕು.

ಉಳಿದ ಪರೀಕ್ಷೆಗಳು

ಈಸ್ಟ್ರಡಿಯಾಲ್ ಒಂದನ್ನೇ ನೋಡಿ ಏನೂ ಹೇಳಲಾಗದು. ಮುಟ್ಟು ನಿಂತವರಲ್ಲಿ ಅದು ತೀರಾ ಕಡಿಮೆ, ಅಷ್ಟು ಕಡಿಮೆ ಮಟ್ಟವನ್ನು ಸಾಮಾನ್ಯ ಲ್ಯಾಬ್ ಯಂತ್ರಗಳು ಸರಿಯಾಗಿ ಅಳೆಯಲಾರವು. ಎಫ್‌ಎಸ್‌ಎಚ್ ಜೊತೆಗಿಟ್ಟು ಓದಿದಾಗ ಅದಕ್ಕೆ ಬೆಲೆ. ಎರಡೂ ತಗ್ಗಿದ್ದರೆ ದೋಷ ಅಂಡಾಶಯದ್ದಲ್ಲ, ಪಿಟ್ಯುಟರಿಯದು ಅಥವಾ ಅದಕ್ಕೂ ಮೇಲಿನ ಮಿದುಳಿನ ಭಾಗದ್ದು. ಎಲ್‌ಎಚ್ ಮತ್ತು ಪ್ರೊಜೆಸ್ಟರಾನ್‌ಗಳಿಂದ ಈ ವಿಷಯದಲ್ಲಿ ಹೊಸದೇನೂ ತಿಳಿಯುವುದಿಲ್ಲ. ಎಎಂಎಚ್ ಅಂಡಾಶಯದಲ್ಲಿ ಉಳಿದಿರುವ ಸಣ್ಣ ಕೋಶಿಕೆಗಳ ಸುಳಿವು ಕೊಡುತ್ತದೆ. ಬಂಜೆತನದ ಚಿಕಿತ್ಸೆಯಲ್ಲಿ ಅದಕ್ಕೆ ಮಹತ್ವವಿದೆ. ಮುಟ್ಟು ಯಾವ ವರ್ಷ ನಿಲ್ಲುತ್ತದೆಂದು ಒಬ್ಬ ಮಹಿಳೆಗೆ ಅದರಿಂದ ಹೇಳುವುದು ಇನ್ನೂ ಸಾಧ್ಯವಾಗಿಲ್ಲ. ಬೆಲೆಯೂ ಎಲ್ಲಕ್ಕಿಂತ ಹೆಚ್ಚು. ಎಂಜಲಿನಲ್ಲಿ ಹಾರ್ಮೋನ್ ಅಳೆಯುತ್ತೇವೆಂಬ ಪರೀಕ್ಷೆಗಳನ್ನು ಯಾವ ಪ್ರಮುಖ ವೈದ್ಯಸಂಘವೂ ಒಪ್ಪಿಲ್ಲ.

ಇತಿಹಾಸ

ಸುಶ್ರುತ ಸಂಹಿತೆ ಮುಟ್ಟಿನ ಕಾಲವನ್ನು 12ರಿಂದ 50 ವರ್ಷ ಎಂದು ಗುರುತಿಸಿದೆ. ಹಾರ್ಮೋನುಗಳ ಅಳತೆ ಮಾತ್ರ 20ನೇ ಶತಮಾನದ್ದು. 1923ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಅಂಡಕೋಶಿಕೆಯ ದ್ರವವನ್ನು ಇಲಿಗಳಿಗೆ ಚುಚ್ಚಿ ಅದರ ಪರಿಣಾಮ ಅಳೆಯುವ ವಿಧಾನ ಕಂಡುಕೊಂಡರು. 1929ರಲ್ಲಿ ಡಾಯ್ಸಿ ಅಮೆರಿಕದಲ್ಲಿ, ಅಡಾಲ್ಫ್ ಬುಟೆನಾಂಟ್ ಜರ್ಮನಿಯಲ್ಲಿ ಈಸ್ಟ್ರೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇಂದಿನ ಪರೀಕ್ಷೆಯ ಮೂಲ ರೊಸಲಿನ್ ಯಾಲೊ ಮತ್ತು ಸಾಲೊಮನ್ ಬೆರ್ಸನ್ 1950ರ ದಶಕದ ಕೊನೆಯಲ್ಲಿ ರೂಪಿಸಿದ ರೇಡಿಯೊ ಇಮ್ಯುನೊ ಅಸ್ಸೆ. ರಕ್ತದ ಹನಿಯಲ್ಲಿರುವ ಅತಿಸೂಕ್ಷ್ಮ ಪ್ರಮಾಣದ ಹಾರ್ಮೋನನ್ನು ಪ್ರತಿಕಾಯಗಳಿಂದ ಹಿಡಿದು ಎಣಿಸುವ ಈ ವಿಧಾನಕ್ಕಾಗಿ ಯಾಲೊ 1977ರಲ್ಲಿ ನೊಬೆಲ್ ಪಡೆದರು. ವಿಕಿರಣದ ಬದಲು ಬೆಳಕಿನ ರಾಸಾಯನಿಕಗಳನ್ನು ಬಳಸುವ ಯಂತ್ರಗಳು ಬಂದ ಮೇಲೆ ಪರೀಕ್ಷೆ ಜಿಲ್ಲಾ ಪಟ್ಟಣಗಳಿಗೂ ತಲುಪಿತು.

ಎಫ್‌ಎಸ್‌ಎಚ್, ಎಲ್‌ಎಚ್‌ಗಳ ಅಧ್ಯಯನದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನುಗ್ಗೇಹಳ್ಳಿ ರಘುವೀರ ಮೌದ್ಗಲ್ ಈ ಹಾರ್ಮೋನುಗಳಿಗೆ ಪ್ರತಿಕಾಯಗಳನ್ನು ತಯಾರಿಸಿ, ಅವನ್ನು ನಿಷ್ಕ್ರಿಯಗೊಳಿಸಿದರೆ ಅಂಡಾಶಯದಲ್ಲೂ ವೃಷಣದಲ್ಲೂ ಏನಾಗುತ್ತದೆಂದು ಪ್ರಾಣಿಗಳಲ್ಲಿ, ಮುಖ್ಯವಾಗಿ ನಮ್ಮ ಊರುಗಳಲ್ಲಿ ಕಾಣುವ ಮಂಗಗಳ ಜಾತಿಯಲ್ಲೇ, ದಶಕಗಳ ಕಾಲ ಶೋಧಿಸಿದರು.

ಮುಟ್ಟು ನಿಂತ ಹೆಣ್ಣಿನ ದೇಹದ ಎಫ್‌ಎಸ್‌ಎಚ್ ಬೇರೊಂದು ಕಡೆ ಔಷಧಿಯೂ ಆಯಿತು. ಆ ವಯಸ್ಸಿನಲ್ಲಿ ಮೂತ್ರದಲ್ಲಿ ಅದು ಹೇರಳವಾಗಿ ಹೋಗುವುದರಿಂದ, ಇಟಲಿಯ ಪಿಯೆರೊ ಡೊನಿನಿ ಮುಟ್ಟು ನಿಂತ ಸನ್ಯಾಸಿನಿಯರ ಮೂತ್ರದಿಂದ ಅದನ್ನು ಶುದ್ಧಗೊಳಿಸಿದರು. ಅದರ ಚುಚ್ಚುಮದ್ದಿನಿಂದ 1962ರಲ್ಲಿ ಇಸ್ರೇಲಿನಲ್ಲಿ ಮೊದಲ ಮಗು ಹುಟ್ಟಿತು. ‘ಬರಡಾಯಿತು’ ಎಂದು ಜನ ಹೇಳುವ ದೇಹದಿಂದಲೇ ಬಂಜೆತನದ ಔಷಧಿ ಬಂದದ್ದು ನೆನಪಿಡಬೇಕಾದ ಸಂಗತಿ.

ಯಾರಿಗೆ ಬೇಕು

ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಮೂರು ವಯಸ್ಸಿನ ಗುಂಪು ಮಾಡುತ್ತದೆ. 45 ದಾಟಿದವರಲ್ಲಿ ಲಕ್ಷಣ ಮತ್ತು ಮುಟ್ಟಿನ ಬದಲಾವಣೆ ನೋಡಿಯೇ ನಿರ್ಧರಿಸಬೇಕು. 40ರಿಂದ 45ರವರಿಗೆ ಲಕ್ಷಣಗಳಿದ್ದರೆ ಎಫ್‌ಎಸ್‌ಎಚ್ ಬಗ್ಗೆ ಯೋಚಿಸಬಹುದು. 40ರೊಳಗಿನವರಿಗೆ ಪರೀಕ್ಷೆ ಮಾಡಲೇಬೇಕು. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ನೆಲೆಸಿದ ಕನ್ನಡತಿ 48ರಲ್ಲಿ ವೈದ್ಯರ ಬಳಿ ಹೋಗಿ ರಕ್ತಪರೀಕ್ಷೆ ಇಲ್ಲದೆ ಮರಳಿದರೆ ಅದು ಉಪೇಕ್ಷೆಯಲ್ಲ, ಕ್ರಮವೇ ಹಾಗಿದೆ.

ಈ ಗೆರೆಗಳನ್ನು ಎಳೆದದ್ದು ಸರಾಸರಿ 51ರಲ್ಲಿ ಮುಟ್ಟು ನಿಲ್ಲುವ ದೇಶದಲ್ಲಿ. 1995ರಲ್ಲಿ ಆರಂಭವಾದ ಇಂಡಿಯನ್ ಮೆನೊಪಾಸ್ ಸೊಸೈಟಿಯ ದೇಶವ್ಯಾಪಿ ಸಮೀಕ್ಷೆ ಭಾರತದ ಸರಾಸರಿಯನ್ನು 46.2 ವರ್ಷ ಎಂದು ಕಂಡುಕೊಂಡಿತು. ನಮ್ಮಲ್ಲಿ 43ರಲ್ಲಿ ಮುಟ್ಟು ಏರುಪೇರಾಗುವುದು ತೀರಾ ಸಾಮಾನ್ಯ, ಅದಕ್ಕೆಲ್ಲ ರಕ್ತಪರೀಕ್ಷೆ ಬೇಕಾಗದು. ಅದೇ ಮಾತನ್ನು 36ಕ್ಕೆ ಎಳೆಯಬಾರದು. ‘ನಮ್ಮ ಕಡೆ ಬೇಗ ನಿಲ್ಲುತ್ತೆ ಬಿಡಿ’ ಎಂಬ ಸಮಾಧಾನದ ಮಾತು 36ರ ಹೆಣ್ಣುಮಗಳಿಗೆ ಮಾಡುವ ಅನ್ಯಾಯ.

ಹೀಗೆ ಬೇಗ ನಿಂತವರ ಸಂಖ್ಯೆ ಸಣ್ಣದಲ್ಲ ಎಂದು ಮೊದಲು ಎತ್ತಿ ತೋರಿಸಿದವರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಸೇರುತ್ತದೆ. ಅಲ್ಲಿನ ಟಿ. ಎಸ್. ಶ್ಯಾಮಲಾ, ಎಂ. ಶಿವಕಾಮಿ ಅವರೊಂದಿಗೆ, 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ 2005ರಲ್ಲಿ ಬರೆದ ಲೇಖನ, 40 ತಲುಪುವ ಮೊದಲೇ ಮುಟ್ಟು ನಿಂತ ಹೆಂಗಸರ ಪಾಲು ಗಣನೀಯವಾಗಿದೆಯೆಂದೂ ಹಳ್ಳಿಯ, ಓದುಬರಹವಿಲ್ಲದ, ಬಡ ಹೆಂಗಸರಲ್ಲಿ ಅದು ಹೆಚ್ಚೆಂದೂ ತೋರಿಸಿತು. ಆ ಸಮೀಕ್ಷೆ 6 ತಿಂಗಳು ಮುಟ್ಟಾಗದವರನ್ನೂ ಗರ್ಭಕೋಶ ತೆಗೆಸಿಕೊಂಡವರನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ ಎಂಬುದನ್ನು ಗಮನದಲ್ಲಿಟ್ಟೇ ಅದನ್ನು ಓದಬೇಕು. ಯಾರದ್ದು ತಾನಾಗಿ ನಿಂತದ್ದು, ಯಾರದ್ದು ರೋಗದಿಂದ, ಯಾರದ್ದು ಕತ್ತರಿಯಿಂದ ಎಂದು ಬಿಡಿಸಿ ಹೇಳಲು ಒಬ್ಬೊಬ್ಬರನ್ನೇ ಪರೀಕ್ಷಿಸಬೇಕು, ಬೇರೆ ದಾರಿಯಿಲ್ಲ.

40ರೊಳಗೆ ನಾಲ್ಕು ತಿಂಗಳು ಮುಟ್ಟು ಬರದಿದ್ದರೆ ಮೊದಲು ಮೂತ್ರ ನೋಡಿ ಬಸಿರಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಎಫ್‌ಎಸ್‌ಎಚ್, ಈಸ್ಟ್ರಡಿಯಾಲ್, ಟಿಎಸ್‌ಎಚ್, ಪ್ರೊಲ್ಯಾಕ್ಟಿನ್. ಎಫ್‌ಎಸ್‌ಎಚ್ 25 ದಾಟಿದರೆ ಅಂಡಾಶಯದ ಅಕಾಲ ವೈಫಲ್ಯದ ಅನುಮಾನ. 4ರಿಂದ 6 ವಾರ ಬಿಟ್ಟು ಇನ್ನೊಮ್ಮೆ ನೋಡುವುದು ರೂಢಿ. ಅದು ಸಾಬೀತಾದರೆ ವರ್ಣತಂತು ಪರೀಕ್ಷೆ, ಥೈರಾಯ್ಡ್ ಪ್ರತಿಕಾಯ, ಮೂಳೆ ಸಾಂದ್ರತೆ ಮುಂದಿನ ಹೆಜ್ಜೆಗಳು. ಈಸ್ಟ್ರೋಜೆನ್ನಿಲ್ಲದೆ ಹಲವು ವರ್ಷ ಮುಂಚಿತವಾಗಿಯೇ ಬದುಕತೊಡಗಿದ ದೇಹದಲ್ಲಿ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ. ಆದ್ದರಿಂದ ಇವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಕೊಡುವುದು ವಾಡಿಕೆ. ಪರೀಕ್ಷೆ ಮಾಡದಿದ್ದರೆ ಈ ಚಿಕಿತ್ಸೆ ಆರಂಭವಾಗುವುದೇ ಇಲ್ಲ.

ಎಫ್‌ಎಸ್‌ಎಚ್ ಏರಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಥೈರಾಯ್ಡ್ ಕೊರತೆ, ಪಿಸಿಒಎಸ್, ಪ್ರೊಲ್ಯಾಕ್ಟಿನ್ ಹೆಚ್ಚಳಗಳನ್ನು ಎಲ್ಲರೂ ನೆನೆಯುತ್ತಾರೆ. ನಮ್ಮ ದೇಶದಲ್ಲಿ ಇನ್ನೆರಡನ್ನು ಮರೆಯುವಂತಿಲ್ಲ. ಒಂದು ಗರ್ಭಕೋಶದ ಕ್ಷಯ. ಒಳಪದರ ಹಾಳಾಗಿ ಮುಟ್ಟು ನಿಲ್ಲುತ್ತದೆ, ಹಾರ್ಮೋನುಗಳು ಸರಿಯಾಗೇ ಇರುತ್ತವೆ. ಇನ್ನೊಂದು ಹೆರಿಗೆಯ ವಿಪರೀತ ರಕ್ತಸ್ರಾವದಿಂದ ಪಿಟ್ಯುಟರಿ ಸತ್ತುಹೋಗುವ ಶೀಹನ್ ರೋಗ. ಹೆರಿಗೆಯಾದ ಮೇಲೆ ಎದೆಹಾಲು ಬರಲಿಲ್ಲ, ಮುಟ್ಟು ಮರಳಲಿಲ್ಲ, ವರ್ಷಗಳಿಂದ ಸುಸ್ತು, ಚಳಿ ತಡೆಯಲಾಗದು ಎಂದು ಒಬ್ಬಳು ಹೇಳಿದರೆ ಅವಳಿಗೆ ಮುಟ್ಟು ನಿಲ್ಲುವ ಕಾಲ ಬೇಗ ಬಂದದ್ದಲ್ಲ. ಅವಳ ಎಫ್‌ಎಸ್‌ಎಚ್ ತಗ್ಗಿರುತ್ತದೆ, ಜೀವ ಉಳಿಸುವ ಕಾರ್ಟಿಸಾಲ್ ಕೂಡ ತಗ್ಗಿರಬಹುದು. ಇಲ್ಲಿ ಕೆಲವು ನೂರು ರೂಪಾಯಿಯ ಪರೀಕ್ಷೆ ಜೀವ ಉಳಿಸುತ್ತದೆ.

ಗರ್ಭಕೋಶ ತೆಗೆಸಿಕೊಂಡವರು

ಗರ್ಭಕೋಶವಿಲ್ಲದಿದ್ದರೆ ಮುಟ್ಟೇ ಇಲ್ಲ, ಹಬ್ಬದ ಲೆಕ್ಕವೂ ಇಲ್ಲ. ಅಂಡಾಶಯ ಉಳಿಸಿದ್ದರೆ ಹಾರ್ಮೋನುಗಳು ಮುಂದುವರಿಯುತ್ತವೆ. ಆದರೂ ಉಳಿದವರಿಗಿಂತ ಕೆಲವು ವರ್ಷ ಮುಂಚೆ ನಿಲ್ಲುವ ಸಂಭವವಿದೆ. ಎರಡೂ ಅಂಡಾಶಯ ತೆಗೆದಿದ್ದರೆ ಕೆಲವೇ ದಿನಗಳಲ್ಲಿ ಈಸ್ಟ್ರೋಜೆನ್ ಕುಸಿದು ಕಾವು, ಬೆವರು, ನಿದ್ರೆಗೇಡು ಒಮ್ಮೆಲೇ ಎರಗುತ್ತವೆ. ಅಲ್ಲಿ ಪರೀಕ್ಷೆ ಅನಗತ್ಯ, ಚಿಕಿತ್ಸೆ ಅಗತ್ಯ. ‘ಗರ್ಭಕೋಶ ತೆಗೆದಿದ್ದಾರೆ’ ಎಂದಷ್ಟೇ ಗೊತ್ತಿದ್ದು, ಅಂಡಾಶಯ ಇದೆಯೋ ಇಲ್ಲವೋ ತಿಳಿಯದ ಹೆಂಗಸರು ಬಹಳ. ಡಿಸ್‌ಚಾರ್ಜ್ ಚೀಟಿಯೂ ಕಳೆದುಹೋಗಿರುತ್ತದೆ. ಅಂಥವರಲ್ಲಿ ಎಫ್‌ಎಸ್‌ಎಚ್ ಮತ್ತು ಸ್ಕ್ಯಾನಿಂಗ್ ನೆರವಿಗೆ ಬರುತ್ತವೆ.

ಉಬ್ರಾಣಿಯ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಬೀರೂರಿನಲ್ಲಿ 2010ರ ದಶಕದ ಆರಂಭದಲ್ಲಿ, ಆಮೇಲೆ ಕಲಬುರಗಿಯಲ್ಲಿ, ದಲಿತ ಮತ್ತು ಲಂಬಾಣಿ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು ಎದ್ದವು. ಬಿಳಿ ಸೆರಗು, ಹೊಟ್ಟೆನೋವು, ಏರುಪೇರಾದ ಮುಟ್ಟಿಗೆ ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿದ ಕಥೆಗಳು ಹೊರಬಂದವು. ಕರ್ನಾಟಕ ಜನಾರೋಗ್ಯ ಚಳವಳಿ ಈ ಹೆಂಗಸರ ಪರವಾಗಿ ನಿಂತಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪದ ಸುತ್ತಲಿನ ನ್ಯಾಮತಿ, ಹೊನ್ನಾಳಿಯ ಲಂಬಾಣಿ ತಾಂಡಾಗಳಲ್ಲಿ, ಜಗಳೂರಿನ ಒಣಸೀಮೆಯಲ್ಲಿ ಕೆಲಸ ಮಾಡುವ ಆರೋಗ್ಯ ಸಿಬ್ಬಂದಿ ಈ ಆದೇಶವನ್ನು ತಿಳಿದಿರಬೇಕು. ಮುಟ್ಟು ಏರುಪೇರಾಗುವುದು ಆ ವಯಸ್ಸಿನ ಸಹಜ ಘಟ್ಟವಾಗಿರಬಹುದು ಎಂದು ಆರಂಭದಲ್ಲೇ ಯಾರಾದರೂ ಹೇಳಿದ್ದರೆ ಎಷ್ಟೋ ಗರ್ಭಕೋಶಗಳು ಉಳಿಯುತ್ತಿದ್ದವು.

ಹಾರ್ಮೋನಿಗಿಂತ ಮುಖ್ಯವಾದವು

45 ದಾಟಿದ ಮಹಿಳೆ ಪರೀಕ್ಷೆಗೆಂದು ಹಣ ತೆಗೆದಿಟ್ಟಿದ್ದರೆ ಅದಕ್ಕೆ ಉತ್ತಮ ಉಪಯೋಗಗಳಿವೆ. ವಿಪರೀತ ಮುಟ್ಟಾಗುವವರಿಗೆ ಹಿಮೋಗ್ಲೋಬಿನ್. ಸುಸ್ತು, ತೂಕ ಹೆಚ್ಚಳ, ಮರೆವು ಇದ್ದವರಿಗೆ ಟಿಎಸ್‌ಎಚ್. ಇವೇ ಲಕ್ಷಣಗಳನ್ನು ಮುಟ್ಟು ನಿಲ್ಲುವ ಲೆಕ್ಕಕ್ಕೆ ಹಾಕಿ ಥೈರಾಯ್ಡನ್ನು ಕಡೆಗಣಿಸುವುದು ತೀರಾ ಸಾಮಾನ್ಯ. ಸಕ್ಕರೆ, ರಕ್ತದೊತ್ತಡ, ಕೊಬ್ಬಿನಂಶ. ಗರ್ಭಕೊರಳಿನ ಕ್ಯಾನ್ಸರ್ ಮತ್ತು ಸ್ತನ ಕ್ಯಾನ್ಸರ್ ತಪಾಸಣೆ. 30 ದಾಟಿದವರಿಗೆ ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಸಕ್ಕರೆ, ರಕ್ತದೊತ್ತಡ ಮತ್ತು ಈ ಎರಡು ಕ್ಯಾನ್ಸರುಗಳ ತಪಾಸಣೆ ಸೇರಿದೆ, ದುಡ್ಡು ಕೊಡಬೇಕಿಲ್ಲ. ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳುವವರಲ್ಲೂ ಔಷಧಿಯ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು ಲಕ್ಷಣ ನೋಡಿ. ತಿಂಗಳಿಗೊಮ್ಮೆ ಈಸ್ಟ್ರಡಿಯಾಲ್ ಅಳೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಸ್ತನ ಕ್ಯಾನ್ಸರಿಗೆ ಕಿಮೊಥೆರಪಿ ಪಡೆದವರ ಮಾತು ಬೇರೆ: ಮುಟ್ಟು ನಿಂತರೂ ಅಂಡಾಶಯ ಮತ್ತೆ ಎಚ್ಚರಗೊಳ್ಳಬಹುದು, ಅವರಿಗೆ ಕೊಡುವ ಕೆಲವು ಮಾತ್ರೆಗಳು ಅಂಡಾಶಯ ಪೂರ್ತಿ ನಿಂತಿದ್ದರೆ ಮಾತ್ರ ಕೆಲಸ ಮಾಡುತ್ತವೆ, ಅಲ್ಲಿ ಈಸ್ಟ್ರಡಿಯಾಲ್ ಪರೀಕ್ಷೆ ಚಿಕಿತ್ಸೆಯ ಭಾಗ.

2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಖಾಸಗಿ ಲ್ಯಾಬಿನಲ್ಲಿ ಒಂದು ಎಫ್‌ಎಸ್‌ಎಚ್‌ಗೆ ಹೆಚ್ಚು ಕಡಿಮೆ ಒಂದು ದಿನದ ಕೂಲಿ ಹೋಗುತ್ತದೆ, ಎಎಂಎಚ್ ಸೇರಿಸಿದರೆ ವಾರದ ಕೂಲಿ. ಚನ್ನಗಿರಿಗೋ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿಬರುವ ಬಸ್ಸಿನ ಖರ್ಚು, ತಪ್ಪಿದ ಕೆಲಸ ಬೇರೆ. ಅದಕ್ಕೇ ಬೇಡದ ಪರೀಕ್ಷೆ ಬರೆಯಬಾರದು, ಬೇಕಾದ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಖಚಿತವಾಗಿ ಸಿಗಬೇಕು. 40ರೊಳಗೆ ಮುಟ್ಟು ನಿಂತವರನ್ನು ಆಶಾ ಕಾರ್ಯಕರ್ತೆಯರು ಗುರುತಿಸಿ ಬರೆದಿಡುವ ಏರ್ಪಾಡು ಆದರೆ ಇನ್ನೂ ಒಳ್ಳೆಯದು. ಬಸಿರು, ಬಾಣಂತನಗಳನ್ನು ಮನೆಮನೆಗೆ ಹೋಗಿ ಬರೆದುಕೊಳ್ಳುವವರಿಗೆ ಇದು ಹೊರೆಯಾಗದು.

ಓದುಗರು ಒಂದು ಮಾತನ್ನು ಮಾತ್ರ ಮರೆಯಬಾರದು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ‘ಮತ್ತೆ ಮುಟ್ಟಾಯಿತು’ ಎಂದುಕೊಂಡು ಸುಮ್ಮನಿರಬೇಡಿ, ಹಾರ್ಮೋನ್ ಪರೀಕ್ಷೆಗೂ ಓಡಬೇಡಿ. ಅಂಥ ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಸ್ಕ್ಯಾನಿಂಗಿನಲ್ಲಿ ಒಳಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ಚೂರು ತೆಗೆದು ನೋಡಬೇಕು. ಬೇಗ ಸಿಕ್ಕರೆ ಅದು ವಾಸಿಯಾಗುವ ಕ್ಯಾನ್ಸರ್. ಆ ವಾರವೇ ಆಸ್ಪತ್ರೆಗೆ ಹೋಗಿ.